ಗಂಜಿ ಆರುವ ಮೊದಲು

ಕೊಪ್ಪಳ ಜಿಲ್ಲೆಯಾದ ಹೊಸತರಲ್ಲಿ ಭಾಗ್ಯನಗರದ ನಮ್ಮ ಓಣಿಯ ಕಮಿಟಿಯವರು, ಒಂದು ತಿಂಗಳು ಗಾಡಿ ಬಂದ್ ಮಾಡಿ ನೋಡೋಣವೆಂದು ಎರಡೂ ತುದಿಗೆ ಕಲ್ಲುಕಂಬ ನೆಟ್ಟರು. ಮಗ್ಗದ ಮನೆಗಳಿಗೆ ಜೀವ ಬಂತು. ನೇಕಾರನಾದ ನನ್ನ ಸೋದರಮಾವ ಎಷ್ಟೋ ವರ್ಷದ ಮೇಲೆ ಓಣಿಯುದ್ದಕ್ಕೂ ಎಂಟು ಸೀರೆಯ ಹಾಸಿನ ನೂಲು ಬಿಗಿದು ಗಂಜಿ ಹಚ್ಚಿದ. ಅಂಗಡಿಯವರು ಮಾತ್ರ ಕುದಿಯುತ್ತಿದ್ದರು. ಟೆಂಪೊ ಬಾರದೆ ಅವರ ಗಿರಾಕಿ ಕಡಿಮೆಯಾದದ್ದೂ ಸುಳ್ಳಲ್ಲ.

ಕಂಬ ಇರಬೇಕೋ ಬೇಡವೋ ಎಂದು ತೀರ್ಮಾನಿಸಲು ಕಮಿಟಿ ತಿಂಗಳ ಕೊನೆಗೆ, ಮಾವ ಗಂಜಿ ಹಚ್ಚಿದ ಆ ದಿನವೇ ಸಭೆ ಕರೆಯಿತು. ಅದೂ ಬೆಳಿಗ್ಗೆ ಎಂಟಕ್ಕೆ! ಗಂಜಿ ಹಚ್ಚಿದ ನೂಲನ್ನು ಆರುವತನಕ ಕುಂಚದಿಂದ ತೀಡುತ್ತಲೇ ಇರಬೇಕು, ಬಿಟ್ಟರೆ ಎಳೆಗೆ ಎಳೆ ಅಂಟುತ್ತದೆ. ನಮ್ಮ ಓಣಿಯ ಕೂಸಿಗೂ ಗೊತ್ತಿದ್ದ ಮಾತು ಅದು. ಓಣಿಯ ನೇಕಾರರೆಲ್ಲ ಮಾವನ ಹಾಸಿಗೆ ಕುಂಚ ಹಿಡಿದು ನಿಂತಿದ್ದರಿಂದ, ಆಗಷ್ಟೇ ಸಾಲಿ ಮಾಸ್ತರನಾಗಿದ್ದ ನನ್ನನ್ನು ಮಾವ ಸಭೆಗೆ ಅಟ್ಟಿದ.

"ನೇಕಾರರು ಒಬ್ಬರೂ ಬಂದಿಲ್ಲ. ಅವರಿಗೂ ಬ್ಯಾಡಾಗೇತಿ ಬಿಡ್ರಿ," ಎಂದ ಅಧ್ಯಕ್ಷ.

"ಬ್ಯಾಡಾಗಿಲ್ರೀ ಯಜಮಾನ್ರ, ಹಾಸು ಹಸಿ ಐತಿ! ಇಪ್ಪತ್ತು ಹೆಜ್ಜಿ ಹೊರಗ ಬಂದು ನೋಡ್ರಿ," ಎಂದು ನಾನು ಕೂಗಿದೆ.

"ಮಾಸ್ತರ, ನಿಮ್ದು ಮಗ್ಗ ಐತೇನ್ರಿ? ಇಲ್ಲಂದ್ರ ಹೋಗಿ ಮಗ್ಗಿ ಹೇಳಿಕೊಡ್ರಿ," ಎಂದ ಕಿರಾಣಿಯವನು. ಎಲ್ಲರೂ ನಕ್ಕರು.

ಬಂದವರ ಕೈ ಎತ್ತಿಸಿ, ಅಲ್ಲಿಂದಲೇ ಎದ್ದು ಹೋಗಿ ಕಂಬ ಕಿತ್ತರು. ಮೊದಲ ಟೆಂಪೊ ಹಾರ್ನ್ ಹೊಡೆಯುತ್ತ ನಿಂತಾಗ ಮಾವ ಹಸಿ ಹಾಸನ್ನೇ ಸುತ್ತಿ ಒಳಗೊಯ್ದ. ಸಂಜೆಗೆ ಅದು ಹಗ್ಗದಂತೆ ಬಿಗಿದಿತ್ತು. ಅತ್ತೆ ಆ ಗಂಟನ್ನು ಹೊತ್ತೊಯ್ದು ಅಧ್ಯಕ್ಷನ ಕಟ್ಟೆಯ ಮೇಲೆ ಒಗೆದಳು.

"ಈಗ ಬಂದೀವ್ರಿ ಸಭಾಕ್ಕ. ಇದನ್ನ ಬಿಡಸ್ರಿ, ಆಮ್ಯಾಲ ಕೈ ಎತ್ತಸ್ರಿ."