ಮನೆಯ ಅತಿ ಕಿರಿಯ ಗಂಡಸು
ಅಧ್ಯಕ್ಷರ ಚುನಾವಣೆ ಬಂದರೆ ಅಮೆರಿಕದ ನಮ್ಮ ವಿಸ್ಕಾನ್ಸಿನ್ ರಾಜ್ಯದಲ್ಲಿ ಫೋನುಗಳು ತಣ್ಣಗಾಗುವುದೇ ಇಲ್ಲ; ಅವನ್ನು ಬಿಸಿಯಾಗಿಡುವವಳು ಫೋನಿನಲ್ಲಿ ಮತದಾರರ ಸಮೀಕ್ಷೆ ಮಾಡುವ ನಮ್ಮ ಕಚೇರಿಯಲ್ಲಿ ನನ್ನ ಪಕ್ಕದ ಕುರ್ಚಿಯ ಲೊರೇನ್ ಗ್ರಾಬೊವ್ಸ್ಕಿ. ನಲವತ್ತು ವರ್ಷ ಸಮೀಕ್ಷೆಯ ಪ್ರಶ್ನೆ ಓದಿ ಓದಿ, ಆಯ್ಕೆ ಕೊಡದೆ ಮಾತಾಡುವುದನ್ನೇ ಅವಳ ನಾಲಿಗೆ ಮರೆತಿದೆ. ಮದುವೆಯ ದಿನ ಪಾದ್ರಿ ಒಪ್ಪಿಗೆ ಕೇಳಿದಾಗ, ಉಳಿದ ಆಯ್ಕೆಗಳನ್ನೂ ಓದಿ ಅಂದಳಂತೆ. ಶುಕ್ರವಾರ ಕರಿದ ಮೀನು ಬಡಿಸಿ ಗಂಡನನ್ನು, "ತುಂಬಾ ಚೆನ್ನಾಗಿದ್ಯಾ, ಸುಮಾರಾಗಿದ್ಯಾ, ಚೆನ್ನಾಗಿಲ್ವಾ?" ಎಂದು ಕೇಳುತ್ತಾಳೆ. "ತಿನ್ನೋಕೆ ಬಿಡೇ ಮಾರಾಯ್ತಿ" ಎಂದರೆ, ಉತ್ತರಿಸಲು ನಿರಾಕರಿಸಿದರು ಎಂದು ಗುರುತು ಹಾಕಿಕೊಳ್ಳುತ್ತಾಳೆ. ತನ್ನ ಓಟು ಯಾರಿಗೆಂದು ಕನ್ನಡಿಗೂ ಹೇಳಿದವಳಲ್ಲ. ಆದರೂ ಪ್ರಶ್ನೆಗಳ ಹಾಳೆಯಲ್ಲಿಲ್ಲದ ಮಾತಾಡಿದ್ದಕ್ಕೆ, ಕರೆಗಳನ್ನು ಕದ್ದು ಕೇಳುವ ಮೇಲ್ವಿಚಾರಕ ಡ್ವೇನ್ ಎರಡು ಸಲ ಎಚ್ಚರಿಸಿದ್ದಾನೆ. ಮೂರನೆಯ ಸಲಕ್ಕೆ ಕೆಲಸವಿಲ್ಲ. ಹುಡುಗರು ಸಮೀಕ್ಷೆಗೆ ಸಿಗುವುದೇ ಅಪರೂಪವಾದ್ದರಿಂದ ನಮ್ಮ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಮನೇಲಿರೋ ಅತಿ ಕಿರಿಯ ಗಂಡಸಿಗೆ ಫೋನ್ ಕೊಡ್ತೀರಾ?" ಮೊನ್ನೆ ಲೊರೇನಳ ಫೋನಿನಲ್ಲಿ, ನನಗೂ ಕೇಳುವಷ್ಟು ಗಟ್ಟಿ ದನಿಯ ಮುದುಕನೊಬ್ಬ, "ಹೋದ ತಿಂಗಳವರೆಗೂ ಮಗ ಇದ್ದ, ತಾಯೀ. ಮಣ್ಣು ಮಾಡಿ ಬಂದೆ. ಈಗ ಕಿರಿಯವನೂ ನಾನೇ, ಎಂಬತ್ತೊಂದು" ಎಂದ. ಲೊರೇನ್ ವಯಸ್ಸು ಬರೆದುಕೊಂಡಳು. ಅಧ್ಯಕ್ಷರ ಪ್ರಶ್ನೆಯನ್ನು ಬಿಟ್ಟು, ಅದೇ ಓದುವ ದನಿಯಲ್ಲಿ, "ಮುಂದಿನ ಪ್ರಶ್ನೆ. ಇವತ್ತು ಊಟ ಮಾಡಿದ್ರಾ? ಹೊಟ್ಟೆ ತುಂಬಾ, ಸ್ವಲ್ಪ, ಇಲ್ಲವೇ ಇಲ್ಲ" ಎಂದಳು. "ಒಲೆ ಮೇಲೆ ಸೂಪಿದೆ. ಕುಡಿಯೋದೋ ಬೇಡವೋ, ಇನ್ನೂ ತೀರ್ಮಾನ ಮಾಡಿಲ್ಲ." ಗಾಜಿನ ಗೋಡೆಯಾಚೆ ಕರೆ ಕೇಳುತ್ತಿದ್ದ ಡ್ವೇನ್ ಎದ್ದು ನಿಂತ. ಲೊರೇನ್ ಅವನನ್ನೇ ನೋಡುತ್ತಾ, "ತೀರ್ಮಾನ ಆಗೋವರೆಗೂ ನಾನು ಲೈನಲ್ಲೇ ಇರ್ತೀನಿ" ಎಂದಳು.