ಹುಗ್ಗಿ ಉಂಡ ಬಿಳಿ ತಾಟುಗಳು

ಆ ದಿನ ಹಳ್ಳ ಉಕ್ಕಿ ನಮ್ಮ ಮನೆಗೆ ಬಂದದ್ದಲ್ಲ. ಹಳ್ಳಕ್ಕೆ ಹೋಗಬೇಕಾದ ನೀರನ್ನು, ನಾವು ಉಂಡು ಬಿಸಾಡಿದ ತಾಟುಗಳು ತಡೆದು ನಮ್ಮ ಮನೆಯೊಳಗೆ ಕಳಿಸಿದವು. ಓಣಿಯವರು ಮಳೆಯನ್ನು ಬೈದರು, ಮೋರಿ ಕಟ್ಟಿದವನನ್ನು ಬೈದರು, ಒಬ್ಬಾಕೆ ನಮ್ಮ ಕೂಸು ಹುಟ್ಟಿದ ಗಳಿಗೆಯನ್ನೂ ಬೈದಳು. ಅದೆಲ್ಲ ಬರೀ ಮಾತು.

ಮೊನ್ನೆ ಬೈಲಹೊಂಗಲದಲ್ಲಿ ಒಬ್ಬ ಬಸುರಿಯ ಕುಬಸಕ್ಕೆ ಹೋಗಿದ್ದೆ. ಕೈಗೆ ಉಪ್ಪಿಟ್ಟಿನ ತಾಟು ಕೊಟ್ಟರು, ಬಿಳಿ ಥರ್ಮಾಕೋಲಿನದು. ನನ್ನ ಉಗುರು ತಾಗಿ ಅದು ಕಿರ್ರೆಂದಿತು. ಅಷ್ಟಕ್ಕೇ ನನ್ನ ಕಣ್ಣು ಉಪ್ಪಿಟ್ಟು ಬಿಟ್ಟು ಕಿಟಕಿಯಾಚೆ ಮೋಡ ಹುಡುಕತೊಡಗಿತು. ಪಕ್ಕದವಳು ಖಾರ ಆಯಿತೇ ಎಂದು ಕೇಳಿದಳು. ಆ ಉಪ್ಪಿಟ್ಟಿಗೆ ಉಪ್ಪೇ ಇರಲಿಲ್ಲ, ಖಾರದ ಮಾತೆಲ್ಲಿಯದು. ಮೋಡ ಯಾಕೆ ಹುಡುಕಿದೆನೆಂದು ನಿಮಗೆ ಹೇಳುತ್ತೇನೆ.

ನಮ್ಮ ಓಣಿ ಊರಿನ ತಗ್ಗಿನಲ್ಲಿದೆ. ಮೇಲಿನ ಓಣಿಗಳ ನೀರೆಲ್ಲ ನಮ್ಮ ಮನೆಯ ಪಕ್ಕದ ಗಟಾರಕ್ಕೆ ಇಳಿದು, ದಾರಿಯ ಕೆಳಗಿನ ಮೋರಿ ದಾಟಿ ಹಳ್ಳ ಸೇರಬೇಕು. ಆ ಮೋರಿಯ ಪಕ್ಕವೇ ನಾವು ಉಂಡ ಎಲೆ ಒಗೆಯುವ ಜಾಗ. ನಾನು ಸೊಸೆಯಾಗಿ ಬಂದಾಗಿನಿಂದ ಹಾಗೆಯೇ. ಯಾರ ಮನೆಯ ಕಾರ್ಯವಾದರೂ ಮುತ್ತಲ ಎಲೆಯ ಪತ್ರಾವಳಿ, ಉಂಡ ಮೇಲೆ ಮಡಚಿ ಅಲ್ಲಿ ಒಗೆದರೆ ಸಂಜೆಯೊಳಗೆ ಎಮ್ಮೆಗಳು ಬಂದು ತಿನ್ನುತ್ತಿದ್ದವು. ಬಿಟ್ಟದ್ದು ಕೊಳೆತು ಮಣ್ಣಾಗುತ್ತಿತ್ತು. ಉಂಡ ಎಲೆ ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ. ಕೇಳುವ ಕಾರಣವೇ ಇರಲಿಲ್ಲ.

ಪತ್ರಾವಳಿ ಹಚ್ಚುವುದು ಬೇಸಿಗೆಯ ಮಧ್ಯಾಹ್ನದ ಕೆಲಸ. ಕಿತ್ತೂರು ಕಡೆಯಿಂದ ಒಬ್ಬಾಕೆ ಒಣ ಎಲೆಯ ಹೊರೆ ಹೊತ್ತು ಬರುತ್ತಿದ್ದಳು. ಎಲೆಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿ, ಒಂದಕ್ಕೊಂದು ಸೇರಿಸಿ ಸಣ್ಣ ಕಡ್ಡಿ ಚುಚ್ಚಬೇಕು. ನನಗೆ ಆ ಕೈಗುಣ ಇಲ್ಲ. "ನಿನ್ನ ಪತ್ರಾವಳಿಯಾಗ ಸಾರು ಬಡಿಸಿದರ ಮಂದಿಗಿಂತ ಮೊದಲ ನೆಲಾನ ಉಣ್ಣತೈತಿ ನೋಡವಾ" ಎಂದು ನಮ್ಮ ಅತ್ತೆ ಬೀಗರ ಮುಂದೆಯೇ ಹೇಳಿದ್ದಳು. ಸುಳ್ಳಲ್ಲ. ಬಂದವರು ನನ್ನ ಪತ್ರಾವಳಿ ಸಿಕ್ಕಿತೆಂದರೆ ಅನ್ನದಿಂದ ಒಡ್ಡು ಕಟ್ಟಿಕೊಳ್ಳುತ್ತಿದ್ದರು.

ಹೀಗಿರುವಾಗ ನನ್ನ ಮಗಳು ಗಿರಿಜಾ ಬಾಣಂತನಕ್ಕೆ ಬಂದಳು. ಹೆಣ್ಣು ಹಡೆದಳು. ತೊಟ್ಟಿಲ ಕಾರ್ಯಕ್ಕೆ ಬೆಲ್ಲ ಹಾಕಿದ ಗೋಧಿ ಹುಗ್ಗಿ ಮಾಡುವುದೆಂದು ಆಯಿತು. ನನ್ನ ಮೈದುನ ಬಸಪ್ಪ ಪೇಟೆಗೆ ಹೋದವನು ಎರಡು ದೊಡ್ಡ ಗಂಟು ಹೊತ್ತು ಬಂದ. ಹೊರುವಾಗ ಅವನ ಮುಖದಲ್ಲಿ ಭಾರವೇ ಇರಲಿಲ್ಲ. ಬಿಚ್ಚಿದರೆ ಬಿಳಿ ತಾಟುಗಳು. "ಅತ್ತಿಗಿ, ಇನ್ನ ನಿಮ್ಮ ತೂತಿನ ಪತ್ರಾವಳಿ ಕಾಟ ತಪ್ಪಿತು ನೋಡ್ರಿ" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಾಣಂತಿಗೆ ನೀರು ಹಾಕಿ ಕೂಸನ್ನು ನೋಡಿಕೊಳ್ಳುವವಳಿಗೆ ಎಲೆ ಹಚ್ಚುವುದು ತಪ್ಪಿದರೆ ಯಾರಿಗೆ ಬೇಡ?

ಊಟ ಚೆನ್ನಾಗಿಯೇ ಆಯಿತು. ಹುಗ್ಗಿ ಬೀಳುವ ಮೊದಲೇ ಗಾಳಿಗೆ ತಾಟು ಹಾರಿ ಹೋಗುತ್ತಿದ್ದವು, ಮಂದಿ ಒಂದು ಕೈಯಲ್ಲಿ ತಾಟು ಹಿಡಿದು ಇನ್ನೊಂದರಲ್ಲಿ ಉಂಡರು. ಉಂಡವರು ರೂಢಿಯಂತೆ ಎದ್ದು ಮೋರಿಯ ಪಕ್ಕದಲ್ಲೇ ಒಗೆದರು. ಕಾಲು ಅಲ್ಲಿಗೆ ತಾನಾಗಿ ಹೋಗುತ್ತದೆ, ಕೈ ತಾನಾಗಿ ಒಗೆಯುತ್ತದೆ. ಸಂಜೆ ಎಮ್ಮೆಗಳು ಬಂದವು. ಹುಗ್ಗಿ ನೆಕ್ಕಿದವು, ತಾಟು ಬಿಟ್ಟು ಹೋದವು. ಎಮ್ಮೆಗೆ ತಿಳಿದದ್ದು ನಮಗೆ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಮಳೆ ಹಿಡಿಯಿತು. ದೊಡ್ಡ ಮಳೆಯೇನಲ್ಲ, ಅದಕ್ಕಿಂತ ದೊಡ್ಡದು ಎಷ್ಟೋ ಕಂಡಿದ್ದೆವು. ನಾನು ಅಡುಗೆಮನೆಯಲ್ಲಿದ್ದೆ. ಬಾಣಂತಿ ಕೋಣೆ ನಮ್ಮ ಮನೆಯಲ್ಲೇ ತಗ್ಗಿನ ಕೋಣೆ, ಗಾಳಿ ಬರಬಾರದೆಂದು ಕಿಟಕಿಯೂ ಇಲ್ಲ. ಅಲ್ಲಿಂದ ಚುಂಯ್ ಎಂಬ ಸದ್ದು ಬಂತು. ಬಾಣಂತಿ ಮಲಗುವ ಹೊರಸಿನ ಕೆಳಗೆ ಮೈ ಕಾಯಿಸಲು ಇಟ್ಟಿದ್ದ ಕೆಂಡದ ಅಗ್ಗಿಷ್ಟಿಕೆಗೆ ನೀರು ತಾಗಿತ್ತು. ಓಡಿ ಹೋದರೆ ಕತ್ತಲು, ಹೊಗೆ.

"ಯವ್ವಾ, ನೀರು" ಎಂದಳು ಗಿರಿಜಾ. ಕೂಗಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು ಹೊರಸಿನ ಮೇಲೆ ಕಾಲು ಮಡಚಿ ಕುಳಿತಿದ್ದಳು. ಅವಳಿಗೆ ಆಗ ಏಳುವ ತ್ರಾಣವಿರಲಿಲ್ಲ, ಹಡೆಯುವಾಗ ರಕ್ತ ಬಹಳ ಹೋಗಿತ್ತು. ನೀರು ನನ್ನ ಹಿಮ್ಮಡಿ ಮುಚ್ಚಿತು, ನೋಡನೋಡುತ್ತಿದ್ದಂತೆ ಮೇಲೇರಿತು. ಒಬ್ಬಳೇ ಇಬ್ಬರನ್ನೂ ಎತ್ತಲಾರೆ. ಕೂಸನ್ನು ಒಯ್ದರೆ ಮಗಳನ್ನು ಬಿಡಬೇಕು. ಆ ಹೊತ್ತು ನಾನು ನಿಂತ ನಿಲುವನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ಹೊರಗೆ ಓಡಿ ಬಸಪ್ಪನನ್ನು ಕೂಗಿದೆ. ಅವನು ಅವರಿಬ್ಬರನ್ನೂ ಹೊತ್ತು ಅಟ್ಟದ ಮೆಟ್ಟಿಲ ಮೇಲೆ ಕೂಡಿಸಿದ. ನಾನು ಮೋರಿಯ ಕಡೆ ಹೋದೆ. ಅದರ ಬಾಯಿಯಲ್ಲಿ ಬಿಳಿ ತಾಟುಗಳು ಒಂದರ ಮೇಲೊಂದು ಕೂತು ಗೋಡೆ ಕಟ್ಟಿದ್ದವು. ಅಂಚಿನಲ್ಲಿ ಹುಗ್ಗಿಯ ಬೆಲ್ಲ ಇನ್ನೂ ಅಂಟಿತ್ತು. ಕೈ ಹಾಕಿ ಎಳೆದೆ. ಎಲೆಯಾಗಿದ್ದರೆ ಹರಿದು ಹೋಗುತ್ತಿತ್ತು, ಇವು ಚೂರು ಚೂರಾಗಿ ಮುರಿದು ಮತ್ತೆ ಅದೇ ಬಾಯಿಗೆ ಬಂದು ಕೂಡುತ್ತಿದ್ದವು. ಬಸಪ್ಪ ಗುದ್ದಲಿ ತಂದ. ಇಬ್ಬರೂ ಕಿತ್ತೆವು. ಕಡೆಗೆ ನೀರು ಗುಡುಗುಡು ಎಂದು ಇಳಿಯಿತು. ಪತ್ರಾವಳಿಯ ತೂತಿನ ಮಾತು ಆಮೇಲೆ ಬಸಪ್ಪನ ಬಾಯಲ್ಲಿ ಬರಲಿಲ್ಲ.

ಆ ಕೂಸು ಈಗ ದೊಡ್ಡ ಶಾಲೆಗೆ ಹೋಗುತ್ತದೆ. "ಆಯಿ, ನಮ್ಮ ಪುಸ್ತಕದಾಗ ಭೂಮಿ ಉಳಸೂದು ಹೆಂಗಂತ ಪಾಠ ಐತಿ" ಎಂದಿತು ಒಮ್ಮೆ. ಓದಿಸಿ ಕೇಳಿದೆ. ಕೈಚೀಲ ಒಯ್ಯಿರಿ, ಒಮ್ಮೆ ಬಳಸಿ ಒಗೆಯುವುದನ್ನು ಬಿಡಿರಿ ಎಂದಿತ್ತು. ಒಳ್ಳೆಯ ಮಾತೇ. ಆದರೆ ಭೂಮಿ ಬಹಳ ದೊಡ್ಡದು, ಅದರ ಚಿಂತೆ ನನ್ನ ತಲೆಗೆ ಹತ್ತುವುದಿಲ್ಲ. ನನ್ನ ಚಿಂತೆ ಒಂದು ಮೋರಿಯ ಬಾಯಿಯಷ್ಟು ಅಗಲ. ಮೋಡ ಕಂಡರೆ ಕೋಲು ಹಿಡಿದು ಅಲ್ಲಿಗೆ ಹೋಗುತ್ತೇನೆ, ಓಣಿಯ ಹೆಂಗಸರು ನಗುತ್ತಾರೆ. ಮೊನ್ನೆಯ ಆ ಕುಬಸದ ತಾಟನ್ನೂ ಬೈಲಹೊಂಗಲದಲ್ಲಿ ಒಗೆಯಲಾಗದೆ ಚೀಲದಲ್ಲಿಟ್ಟು ಮನೆಗೆ ತಂದೆ. ಸುಟ್ಟರೆ ಗಂಟಲು ಉರಿಯುವ ಹೊಗೆ, ಹುಗಿದರೆ ಹಾಗೆಯೇ ಇರುತ್ತದೆ. ಈಗ ಅಟ್ಟದ ಮೇಲಿದೆ. ನಾನು ಹೋದ ಮೇಲೂ ಅಲ್ಲೇ ಇರುತ್ತದೆ. ಇನ್ನು ಮೇಲೆ ಕಾರ್ಯಕ್ಕೆ ಹೋಗುವಾಗ ನನ್ನ ಸ್ಟೀಲ್ ತಾಟು ನನ್ನ ಚೀಲದಲ್ಲೇ ಇರುತ್ತದೆ, ನಗುವವರು ನಗಲಿ.

ನೀರು ಹೊಕ್ಕ ಮರುದಿನದ ಬೆಳಗಿನದೊಂದು ಹೇಳುವುದು ಉಳಿಯಿತು. ಮನೆಯಲ್ಲಿ ಮೊಣಕಾಲೆತ್ತರ ಕೆಸರಿನ ಗುರುತು ಇತ್ತು. ಅದನ್ನು ಬಿಟ್ಟು, ಅಟ್ಟದಲ್ಲಿದ್ದ ಹಳೆಯ ಮುತ್ತಲ ಎಲೆಯ ಹೊರೆ ಇಳಿಸಿಕೊಂಡು ಎದುರು ಮನೆಯ ಶಾಂತವ್ವನ ಪಡಸಾಲೆಗೆ ಹೋದೆ. ಅವಳ ಮಗನ ಮದುವೆ ಹತ್ತಿರ ಬಂದಿತ್ತು. ಮೂಲೆಯಲ್ಲಿ ಬಿಳಿ ತಾಟಿನ ಗಂಟುಗಳು ಛಾವಣಿ ಮುಟ್ಟುವಂತೆ ಇದ್ದವು. ನಾನು ಕುಳಿತು ಹೊರೆ ಬಿಚ್ಚಿದೆ.

"ಯಕ್ಕಾ, ನಿಮ್ಮ ಮನಿ ಕೆಸರ ಬಿಟ್ಟ ಇಲ್ಲ್ಯಾಕ ಕುಂತೀರಿ?"

"ನಿನ್ನ ಮಗನ ಮದುವಿ ತಾಟು ನನ್ನ ಮಗಳ ಹೊರಸಿನ ಬುಡಕ್ಕ ಬರತಾವ. ಒಂದ ಕೊಡ ನೀರ ತಾ, ಎಲಿ ನೆನಸೂಣು."

ಶಾಂತವ್ವ ಗಂಟುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ನೀರು ತರಲು ಹೋದಳೋ ಗಂಡನನ್ನು ಕರೆಯಲು ಹೋದಳೋ ಗೊತ್ತಾಗದೆ ನಾನು ಕಡ್ಡಿ ಹಿಡಿದು ಕಾದೆ. ಕೊಡ ಬಂತು. ಎಲೆ ನೆನೆಸಿ ಮೊದಲನೆಯ ಪತ್ರಾವಳಿ ಹಚ್ಚಿದೆ, ಬೆಳಕಿಗೆ ಹಿಡಿದು ನೋಡಿದೆ. ನಡುವೆ ತೂತು ಇತ್ತು. ಬಿಚ್ಚಿ ಮತ್ತೆ ಹಚ್ಚಿದೆ.