ಸದಾ ಒಳಗಿದ್ದವಳ ಉಪ್ಪಿನಕಾಯಿ

ಇವತ್ತು ಮಧ್ಯಾಹ್ನ ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ ನೋಡಿ, ಮಾವಿನ ಮಿಡಿಯ ಸೊನೆ, ಸಾಸಿವೆ, ಮೆಣಸು ಎಲ್ಲ ಒಟ್ಟಾಗಿ ಮೂಗಿಗೆ ಬಡಿದವು. ಕಳೆದ ವರ್ಷದ ಉಪ್ಪಿನಕಾಯಿ. ಬೂಷ್ಟಿನ ಒಂದು ಚುಕ್ಕೆಯೂ ಇಲ್ಲ. ಭರಣಿಯೊಳಗೆ ಮುಖವಿಟ್ಟು ಒಬ್ಬಳೇ ನಕ್ಕೆ. ಕೂತುಕೊಳ್ಳಿ, ಯಾಕೆಂದು ಹೇಳುತ್ತೇನೆ.

ನಮ್ಮ ಹಟ್ಟಿಕೇರಿಯ ಓಣಿಯಲ್ಲಿ ಉಪ್ಪಿನಕಾಯಿ ಹಾಕುವುದಕ್ಕೆ, ಹಪ್ಪಳ ಲಟ್ಟಿಸುವುದಕ್ಕೆ, ಪ್ರಸಾದದ ಶಿರಾಕ್ಕೆ ರವೆ ಹುರಿಯುವುದಕ್ಕೆ ‘ಒಳಗಿರುವ’ ಹೆಂಗಸೇ ಬೇಕು. ಮುಟ್ಟಾದವಳು ಹೊರಗೆ, ಅವಳು ಭರಣಿ ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬುದು ಅಜ್ಜಿಯ ಅಜ್ಜಿಯ ಕಾಲದ ಕಾನೂನು. ನಾನೋ, ತಿಂಗಳುಗಟ್ಟಲೆ ಹೊರಗಾಗುತ್ತಲೇ ಇರಲಿಲ್ಲ. ಕಾರವಾರದ ಡಾಕ್ಟರು ಅದಕ್ಕೆ ಪಿಸಿಓಎಸ್ ಎಂದರು. ಓಣಿಯವರು ಅನುಕೂಲ ಎಂದರು.

“ನಮ್ಮ ಹುಡುಗಿ ಯಾವಾಗ್ಲೂ ಒಳಗೇ ಇರ್ತದೆ,” ಎಂದು ಅಜ್ಜಿ ಹೇಳಿಕೊಂಡು ತಿರುಗಿದಳು. ಅಷ್ಟೇ ಸಾಕಾಯಿತು. ಬೇಲಿಯಾಚೆಯ ಸುಮಿತ್ರಕ್ಕ ಸತ್ಯನಾರಾಯಣ ಪೂಜೆಗೆ ಭಟ್ಟರಿಗಿಂತ ಮೊದಲು ನನಗೆ ಹೇಳತೊಡಗಿದಳು. “ಈ ಭಟ್ರು ಇಲ್ದಿದ್ರೆ ಇನ್ನೊಬ್ರು ಬತ್ರು. ನೀ ಇಲ್ದಿದ್ರೆ ಶಿರಾ ಕೆದಕೂಕೆ ಯಾರನೆ?”

ಡಾಕ್ಟರು ಊಟದ ಜೊತೆ ನುಂಗಲು ಮಾತ್ರೆ ಕೊಟ್ಟು, ಸಕ್ಕರೆ ಬಿಡು, ಗಂಜಿ ಅನ್ನ ಇಳಿಸು, ಬಂಗಡೆಯಂಥ ಮೀನು, ತರಕಾರಿ ಏರಿಸು, ನಡೆ ಎಂದಿದ್ದರು. ಮಾತ್ರೆ ಶುರುವಾದ ವಾರ ನನ್ನ ಹೊಟ್ಟೆ ಎಬ್ಬಿಸಿದ ಗಲಾಟೆಗೆ ಅಂಕೋಲೆಯ ಬಸ್ಸಿನ ಕಂಡಕ್ಟರು ಬಾಗಿಲ ಬಳಿಯ ಸೀಟನ್ನು ನನಗೇ ಬಿಟ್ಟುಕೊಟ್ಟಿದ್ದ. ಅದನ್ನೂ ಸಹಿಸಿದೆ. ಶಿರಾವನ್ನು ಗೆಲ್ಲುವುದು ಮಾತ್ರ ಆಗಲಿಲ್ಲ. ಪೂಜೆಗೆ ಹೋದವಳು ಪ್ರಸಾದ ಬೇಡವೆನ್ನುವುದುಂಟೇ? ಮುಟ್ಟು ಬರುವುದಿಲ್ಲವೆಂದು ಪೂಜೆಗೆ ಕರೆಯುವುದು, ಪೂಜೆಯಲ್ಲಿ ಸಕ್ಕರೆ ತಿನ್ನಿಸುವುದು, ಸಕ್ಕರೆ ತಿಂದು ತಿಂದು ಮುಟ್ಟು ಇನ್ನಷ್ಟು ದೂರ ಹೋಗುವುದು, ದೂರ ಹೋಯಿತೆಂದು ಮತ್ತೊಂದು ಪೂಜೆಗೆ ಕರೆಯುವುದು. ಈಗ ನಗು ಬರುತ್ತದೆ. ಆಗ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಹೀಗೇ ಬಿಟ್ಟರೆ ಗರ್ಭಕೋಶಕ್ಕೆ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದು ಎದೆಯಲ್ಲಿ ಕೂತಿತ್ತು. ಔಷಧಿ ಕೊಟ್ಟು ಬರಿಸಬಹುದಿತ್ತು, ಹಾಗೆ ಬರಿಸಿಯೂ ಇದ್ದರು. ಅದು ತಾನಾಗಿ ಒಮ್ಮೆ ಬರಲಿ ಎಂಬುದೊಂದೇ ನನ್ನ ಆಸೆ.

ಆಸ್ಪತ್ರೆಯ ಬೆಂಚಿನ ಮೇಲೆ ನನ್ನಂಥವರೇ ಇಬ್ಬರು ಸಿಕ್ಕರು: ಹಾರವಾಡದಲ್ಲಿ ಮೀನು ಒಣಗಿಸುವ ಕೂಲಿಗೆ ಹೋಗುವ ನಾಗವೇಣಿ, ಕದ್ವಾಡದ ಟೀಚರು ಶಾಲಿನಿ. ಮೂವರೂ ಫೋನಿನಲ್ಲಿ ಗುಂಪು ಕಟ್ಟಿ, ಮನೆಯವರು ಇಣುಕದಿರಲೆಂದು ‘ಭಜನಾ ಮಂಡಳಿ’ ಎಂದು ಹೆಸರಿಟ್ಟೆವು. ಭಜನೆಯೊಂದು ಬಿಟ್ಟು ಗದ್ದದ ಮೇಲೆ ಬಂದ ಕೂದಲಿನವರೆಗೆ ಎಲ್ಲವೂ ಅಲ್ಲಿ ಚರ್ಚೆಯಾಗುತ್ತಿತ್ತು. ಶಿರಾ ತಿಂದವಳು ಒಪ್ಪಿಕೊಳ್ಳಬೇಕು, ಉಳಿದಿಬ್ಬರು ಬೈಯಬೇಕು. “ಎರಡು ಸೌಟು ತಿಂದ್ಯನೆ? ಈಗ್ಲೇ ನಡಿಯೂಕೆ ಹೊರಡು. ನಾನೂ ಇಲ್ಲಿ ಸಮುದ್ರದ ಬದಿಗೆ ಹೊರಟೆ,” ಎನ್ನುತ್ತಿದ್ದಳು ನಾಗವೇಣಿ. ಪ್ರಸಾದವನ್ನು ಎಲೆಯಲ್ಲಿ ಕಟ್ಟಿ ಮನೆಗೆ ಒಯ್ಯುವ ಉಪಾಯವೂ ಅವಳದೇ. ತಂದು ಅಜ್ಜಿಗೆ ಕೊಡುತ್ತಿದ್ದೆ. ಅಜ್ಜಿಯ ರವಿಕೆಗಳು ಬಿಗಿಯಾದವು.

ಕಳೆದ ವರ್ಷ ಮಿಡಿ ಹಾಕುವ ದಿನ ಓಣಿಯ ಭರಣಿಗಳೆಲ್ಲ ನಮ್ಮ ಜಗುಲಿಗೆ ಬಂದು ಕೂತಿದ್ದವು. ಮೊಣಕೈವರೆಗೆ ಮಸಾಲೆ ಮೆತ್ತಿಕೊಂಡು ಕೊನೆಯ ಭರಣಿ ತುಂಬುತ್ತಿದ್ದಾಗ ಕಿಬ್ಬೊಟ್ಟೆ ಹಿಂಡಿತು. ಬಚ್ಚಲಿಗೆ ಓಡಿ ನೋಡಿದರೆ, ಬಂದಿತ್ತು! ಯಾವ ಔಷಧಿಯೂ ಕರೆಸಿದ್ದಲ್ಲ, ತಾನಾಗಿ ಬಂದದ್ದು. ಅಲ್ಲಿಂದಲೇ ಮಂಡಳಿಗೆ ಫೋನು ಮಾಡಿದೆ. ಎಣ್ಣೆಗೈ ಜಾರಿ ಸ್ಪೀಕರು ಒತ್ತಿಹೋಯಿತು. “ಬಂತನೇ? ಮುಟ್ಟು ಬಂತನೇ? ಅಯ್ಯೋ ನನ್ನ ಬಂಗಾರವೇ!” ಎಂದು ನಾಗವೇಣಿ ಕೂಗಿದ್ದು ಜಗುಲಿ ದಾಟಿ ರಸ್ತೆಗೂ ಕೇಳಿಸಿತು.

ನಾನು ಈಚೆ ಬಂದಾಗ ಹೆಂಗಸರೆಲ್ಲ ಒಮ್ಮೆ ನನ್ನನ್ನು, ಒಮ್ಮೆ ಭರಣಿಗಳನ್ನು ನೋಡುತ್ತಿದ್ದರು. ಇಡೀ ಓಣಿಯ ವರ್ಷದ ಉಪ್ಪಿನಕಾಯಿ. ನಾನು ಅಳುತ್ತಲೂ ಇದ್ದೆ, ನಗುತ್ತಲೂ ಇದ್ದೆ. ಕಣ್ಣಿಗೆ ಖಾರ ಬೇರೆ ಹೋಗಿತ್ತು.

ಅಜ್ಜಿ ಎದ್ದು ನಿಂತಳು. “ಯಂತಾ ನೋಡ್ತ್ರಿ? ಬಾಯಿಗೆ ಬಟ್ಟೆ ಕಟ್ಟಿ ತಕಂಡು ಹೋಗಿ,” ಎಂದಳು. ಆಮೇಲೆ ಸೆರಗಿನಿಂದ ನನ್ನ ಕಣ್ಣೊರೆಸಿ, “ಅಷ್ಟೆಲ್ಲ ಶಿರಾ ನಾ ಸುಮ್ನೇ ತಿಂದ್ನನೆ ಮಗಾ?” ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಭರಣಿ ಎತ್ತಿಕೊಂಡು ಹೋದರು.

ಈಗಲೂ ಕೆಲವು ತಿಂಗಳು ತಪ್ಪುತ್ತದೆ. ಮಾತ್ರೆ, ನಡಿಗೆ, ಮಂಡಳಿಯ ಬೈಗುಳ ಮೂರೂ ನಡೆದಿವೆ. ಬಿಚ್ಚಿದ ಬಟ್ಟೆ ಇನ್ನೂ ಕೈಯಲ್ಲಿರುವಾಗಲೇ ಸುಮಿತ್ರಕ್ಕ ಬೇಲಿಯ ಮೇಲಿಂದ ಕೇಳಿದಳು: “ನಾಳೆ ಮಿಡಿ ಹಾಕೂದಿತ್ತು. ಬತ್ಯೇ?”

“ನಾನು ಹೊರಗೆ, ಅಕ್ಕ,” ಎಂದೆ. ಬಹುಮಾನ ಬಂದವಳ ಹಾಗೆಯೇ ಹೇಳಿದೆನೇನೋ.

ಅವಳು ನನ್ನ ಕೈಯ ಬಟ್ಟೆಯನ್ನೂ ಬಾಯಿ ತೆರೆದ ಭರಣಿಯನ್ನೂ ನೋಡಿದಳು. “ಹೋದ ವರ್ಷದ್ದು ಕೆಟ್ತನೆ?”

“ಇಲ್ಲ.”

“ನಮ್ಮನೇದೂ ಇಲ್ಲ. ಹಂಗಾರೆ ಬೆಳಿಗ್ಗೆ ಬೇಗ ಬಾ,” ಎಂದು ತಿರುಗಿದವಳು ನಿಂತು ಸೇರಿಸಿದಳು, “ಶಿರಾ ಮಾಡೂದಿಲ್ಲ. ಬಂಗಡೆ ಹುರಿತೆ.”